ಹಿಂದಿನ ಸೀಟಿನ ಸುಖ

ನನಗೊಂದು ಕೆಟ್ಟ ಚಾಳಿ ಇದೆ. ನನ್ನದು ಎಂದಾದ ಮೇಲೆ ಯಾವ ವಸ್ತುವನ್ನೂ ನಾನು ಹೊಗಳದೆ ಬಿಡುವವನಲ್ಲ. ನನ್ನ ಕೊಡೆ ಗಾಳಿಗೆ ಮಗುಚುವುದಿಲ್ಲ, ನನ್ನ ಕೈಗಡಿಯಾರ ಹಿಂದೆ ಬೀಳುವುದಿಲ್ಲ, ನನ್ನ ಚಪ್ಪಲಿ ಕಾಲು ಕಚ್ಚುವುದಿಲ್ಲ. ಆ ಕೊಡೆ ನಾಲ್ಕು ಸಲ ಮಗುಚಿದ್ದನ್ನು ಕಣ್ಣಾರೆ ಕಂಡವರಿದ್ದಾರೆ. ಅವರ ಎದುರಿಗೆ ನಾನು ಗಾಳಿಯನ್ನು ಬೈಯುತ್ತೇನೆ. ಇಷ್ಟು ಸಣ್ಣ ಜಂಬದಿಂದ ಯಾರಿಗೂ ನಷ್ಟವಿಲ್ಲ ಎಂದು ಬಹುಕಾಲ ನಂಬಿದ್ದೆ. ನಷ್ಟವಾದದ್ದು ಮನೆಗೆ ಮೋಟಾರ್ ಸೈಕಲ್ ಬಂದ ಮೇಲೆ, ಅದೂ ನನ್ನ ಹೆಂಡತಿ ಜಲಜಾಕ್ಷಿಗೆ.

ಇದು ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನ ಮಾತು. ನಾನು ಬಂಟ್ವಾಳದಲ್ಲಿ ಕೃಷಿ ಇಲಾಖೆಯ ನೌಕರ. ಭತ್ತದ ಸಸಿಯನ್ನು, ಅಂದರೆ ನೇಜಿಯನ್ನು, ಹಗ್ಗ ಹಿಡಿದು ಸಾಲಾಗಿ ನೆಡಬೇಕೆಂದು ಊರೂರಿಗೆ ಹೋಗಿ ಹೇಳುವುದು ನನ್ನ ಕೆಲಸ. ಗದ್ದೆಯ ಹೆಂಗಸರು ನನ್ನ ಮಾತನ್ನು ಬಹಳ ಮರ್ಯಾದೆಯಿಂದ ಕೇಳಿ, ತಲೆಯಾಡಿಸಿ, ನಾನು ಬೆನ್ನು ತಿರುಗಿಸಿದ ಕೂಡಲೆ ತಮಗೆ ಬೇಕಾದ ಹಾಗೆ ನೆಡುತ್ತಿದ್ದರು. ನನಗೆ ಮದುವೆಯಾದಾಗ ಜಲಜಾಕ್ಷಿಯ ತಂದೆ, ಬೆಳುವಾಯಿಯ ಮಾವ, ಒಂದೇ ಒಂದು ಮಾತು ಕೇಳಿದ್ದರು. "ಹುಡುಗಿ ಅವಳ ಅಮ್ಮನನ್ನು ಬಿಟ್ಟು ಇದ್ದವಳಲ್ಲ, ಆಗಾಗ ಕರಕೊಂಡು ಬರಬೇಕು" ಎಂದು. ಹದಿನೈದು ದಿನಕ್ಕೊಂದು ಆದಿತ್ಯವಾರ ತಪ್ಪಿಸುವುದಿಲ್ಲ ಎಂದು ನಾನು ಹತ್ತು ಜನರ ಎದುರಿಗೆ ಮಾತು ಕೊಟ್ಟೆ. ಕೊಟ್ಟ ಮೇಲೆ ತಿಳಿಯಿತು, ಬಂಟ್ವಾಳದಿಂದ ಬಸ್ಸು ಹಿಡಿದು, ಮೂಡಬಿದಿರೆಯಲ್ಲಿ ಇಳಿದು, ಅಲ್ಲಿ ಇನ್ನೊಂದು ಬಸ್ಸಿಗೆ ಕಾದು ಬೆಳುವಾಯಿ ಮುಟ್ಟುವಾಗ ಆದಿತ್ಯವಾರವೇ ಮುಗಿಯುತ್ತಾ ಬರುತ್ತದೆ ಎಂದು. ಹಾಗಾಗಿ ಮೋಟಾರ್ ಸೈಕಲ್ ಕೊಂಡೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜಿಗೆ ಹಾಕಿದ ಗಾಡಿಗಳಲ್ಲಿ ಅದೂ ಒಂದು. ಕೈಯಿಂದ ಕೈಗೆ ದಾಟಿ ನನ್ನ ಅಂಗಳಕ್ಕೆ ಬರುವಷ್ಟರಲ್ಲಿ ಅದರ ಹಸಿರು ಬಣ್ಣದ ಮೇಲೆ ಇನ್ನೂ ಮೂರು ಬಣ್ಣ ಬಂದಿತ್ತು.

ಗಾಡಿ ದೊಡ್ಡದು, ಭಾರದ್ದು, ಅವಸರವಿಲ್ಲದ್ದು. ಸವಾರನ ಸೀಟು ಅಗಲವಾದ ಚರ್ಮದ್ದು, ಅದರಡಿಗೆ ನನ್ನ ಮುಂಗೈಯಷ್ಟು ದಪ್ಪದ ಎರಡು ಸ್ಪ್ರಿಂಗು. ಹೊಂಡ ಬಂದರೆ ಸೀಟು ಒಮ್ಮೆ ಮೆಲ್ಲಗೆ ಬಗ್ಗಿ ಎದ್ದು ಸುಮ್ಮನಾಗುತ್ತಿತ್ತು. ಹಿಂದೆ ಕುಳಿತುಕೊಳ್ಳುವವರಿಗಾಗಿ ಮಡ್‌ಗಾರ್ಡಿನ ಮೇಲೆ ಒಂದು ಚೌಕದ ದಿಂಬು ಬಿಗಿದಿತ್ತು. ನಮ್ಮ ಮುರಕಲ್ಲಿನ ಕೆಂಪು ಒರಟು ರಸ್ತೆಗಳಲ್ಲೂ ನನ್ನ ಸೀಟಿನ ಮೇಲೆ ಕುಳಿತು ಹೋಗುವಾಗ ಮನೆಯ ಚಾವಡಿಯಲ್ಲಿ ಕುಳಿತಂತಾಗುತ್ತಿತ್ತು. ಈ ಸುಖವನ್ನು ಒಬ್ಬನೇ ಅನುಭವಿಸುವುದು ಸರಿಯಲ್ಲವೆಂದು ದಾರಿಯಲ್ಲಿ ಸಿಕ್ಕಿದವರನ್ನೆಲ್ಲ ಕರೆದು ಹಿಂದೆ ಕುಳ್ಳಿರಿಸುತ್ತಿದ್ದೆ. ಇಳಿಯುವಾಗ "ಸುಖವಾಯಿತಲ್ಲ?" ಎಂದು ಕೇಳುತ್ತಿದ್ದೆ. "ಭಾರೀ ಸುಖ" ಎನ್ನುತ್ತಿದ್ದರು.

ನಮ್ಮ ಸೀಮೆಯವರ ದಾಕ್ಷಿಣ್ಯದ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಇಲ್ಲಿ ಉಪಕಾರ ಮಾಡಿದವನ ಮುಖಕ್ಕೆ ಯಾರೂ ಅಪ್ರಿಯ ಹೇಳುವುದಿಲ್ಲ. ಒಂದು ಮದುವೆಯಲ್ಲಿ ಪಾಯಸಕ್ಕೆ ಬೆಲ್ಲ ಹಾಕಲು ಮರೆತಿದ್ದರು. ನಾವು ಮೂರು ಪಂಕ್ತಿಯವರು ಅದನ್ನು ಕುಡಿದು, "ಹದವಾಗಿದೆ" ಎಂದು ಹೊಗಳಿ ಎದ್ದೆವು. ಸಂಗತಿ ಹೊರಬಿದ್ದದ್ದು ಕೊನೆಗೆ ಅಡುಗೆಯವನೇ ಊಟಕ್ಕೆ ಕುಳಿತಾಗ. ಇಂಥವರು ನನ್ನ ಹಿಂದಿನ ಸೀಟಿನಲ್ಲಿ ಕುಳಿತರೆ ಏನು ಹೇಳಿಯಾರು? ವೇಣೂರಿನ ಪಟೇಲರನ್ನು ಒಮ್ಮೆ ಬೆಳ್ತಂಗಡಿಯಿಂದ ಅವರ ಮನೆಗೆ ಬಿಡುತ್ತೇನೆಂದು ಹತ್ತಿಸಿಕೊಂಡೆ. ಗುರುವಾಯನಕೆರೆ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ನನ್ನ ಭುಜ ತಟ್ಟಿ, "ಇಲ್ಲೇ ನಿಲ್ಲಿಸಿ ಮಾರಾಯ್ರೆ, ನನಗಿಲ್ಲಿ ಸ್ವಲ್ಪ ಕೆಲಸ ಉಂಟು" ಎಂದರು. ಸುತ್ತ ನೋಡಿದೆ. ಗೇರುಮರ ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ದೊಡ್ಡವರಿಗೆ ಎಲ್ಲೆಲ್ಲೋ ಕೆಲಸ ಇರುತ್ತದೆ ಎಂದುಕೊಂಡು ಮುಂದೆ ಹೋದೆ. ಆ ಮೇಲೆ ಶಾನುಭೋಗರಿಗೂ, ಶಾಲೆಯ ಮಾಸ್ತರರಿಗೂ ಅರ್ಧ ದಾರಿಯಲ್ಲೇ ಕೆಲಸ ಬಿತ್ತು. ನನಗೆ ಅನುಮಾನ ಬರಲಿಲ್ಲ.

ಜಲಜಾಕ್ಷಿ ಮೊದಲ ಆರು ತಿಂಗಳು ತಪ್ಪದೆ ಬಂದಳು. ಅಡ್ಡ ಕುಳಿತು, ಒಂದು ಕೈಯಲ್ಲಿ ದಿಂಬನ್ನೂ ಇನ್ನೊಂದು ಕೈಯಲ್ಲಿ ನನ್ನ ಅಂಗಿಯನ್ನೂ ಹಿಡಿದು, ಇಪ್ಪತ್ತು ಮೈಲು ಒಂದು ಮಾತಾಡದೆ ಬರುತ್ತಿದ್ದಳು. ಗಾಡಿಯ ಸುಖಕ್ಕೆ ಮೈಮರೆತಿದ್ದಾಳೆ ಎಂದು ನಾನು ತಿಳಿದುಕೊಂಡೆ. ಅನಂತರ ಒಂದೊಂದೇ ಅಡ್ಡಿ ಬರತೊಡಗಿತು. ಒಂದು ಆದಿತ್ಯವಾರ ಹಲಸಿನ ಹಪ್ಪಳ ಒಣಗಿಸಲಿಕ್ಕುಂಟು ಎಂದಳು. ಇನ್ನೊಂದು ಆದಿತ್ಯವಾರ ಮೋಡ ಇದೆ ಎಂದಳು. ಮತ್ತೊಂದಕ್ಕೆ ಕಾರಣವನ್ನೇ ಹೇಳದೆ, "ಇನ್ನೊಮ್ಮೆ ಹೋಗುವ" ಎಂದು ಒಳಗೆ ಹೋದಳು. ತವರನ್ನೂ ಮರೆಸುವಂಥ ಗಂಡ ನಾನು ಎಂದು ಮೊದಲು ಒಳಗೊಳಗೆ ಹಿಗ್ಗಿದೆ. ಹೀಗೆ ಎರಡು ತಿಂಗಳು ಕಳೆದ ಮೇಲೆ ಮಾವನಿಂದ ಕಾಗದ ಬಂತು. ಕ್ಷೇಮ ಸಮಾಚಾರವೆಲ್ಲ ಮುಗಿದು ಕೊನೆಯಲ್ಲಿ ಎರಡು ಸಾಲು: "ಹುಡುಗಿ ಬಾರದೆ ಅವಳ ತಾಯಿ ದಿನಾ ದಾರಿ ನೋಡುತ್ತಾಳೆ. ನಮ್ಮಿಂದೇನಾದರೂ ತಪ್ಪಾಗಿದ್ದರೆ ತಿಳಿಸಬೇಕಾಗಿ ವಿನಂತಿ." ಮಾವನಂಥ ಮನುಷ್ಯ ಅಳಿಯನಿಗೆ ವಿನಂತಿ ಎಂದು ಬರೆಯಬೇಕಾಗಿ ಬಂತಲ್ಲ ಎಂದು ನನಗೆ ನಾಚಿಕೆಯಾಯಿತು. ಹತ್ತು ಜನರ ಎದುರಿಗೆ ಕೊಟ್ಟ ಮಾತು ನನ್ನ ಕಿಸೆಯಲ್ಲಿ ಕಾಗದವಾಗಿ ಕುಳಿತಿತ್ತು.

ಬರುವ ಆದಿತ್ಯವಾರ ಏನೇ ಆದರೂ ಹೋಗಲೇಬೇಕೆಂದು, ಗಾಡಿಯನ್ನು ಒಮ್ಮೆ ತೋರಿಸಲು ಜೋಡುಮಾರ್ಗದ ಲಾರೆನ್ಸರ ಕಡೆಗೆ ಒಯ್ದೆ. ಯುದ್ಧಕಾಲದಲ್ಲಿ ಮಿಲಿಟರಿ ವರ್ಕ್‌ಶಾಪಿನಲ್ಲಿದ್ದ ಈ ಮೆಕ್ಯಾನಿಕ್ಕಿಗೆ ನನ್ನ ಗಾಡಿಯ ಜಾತಿ, ಕುಲ ಎಲ್ಲ ಗೊತ್ತಿತ್ತು. ಇಂಜಿನ್ನಿನಲ್ಲಿ ಏನೋ ಟಕಟಕ ಎನ್ನುತ್ತದೆ ಎಂದೆ. "ಓಡುವಾಗ ಕೇಳಬೇಕಲ್ಲ, ಮಾಣಿ ಪೇಟೆಯವರೆಗೆ ಹೋಗಿ ಬರುವ. ನಾನು ಬಿಡ್ತೇನೆ, ನೀವು ಹಿಂದೆ ಕೂತುಕೊಳ್ಳಿ" ಎಂದರು ಲಾರೆನ್ಸ್. ಆ ಗಾಡಿಯ ಹಿಂದಿನ ಸೀಟಿನಲ್ಲಿ ನಾನು ಕುಳಿತದ್ದು ಅದೇ ಮೊದಲು.

ಮೊದಲನೆಯ ಹೊಂಡಕ್ಕೆ ನನ್ನ ಟೊಪ್ಪಿ ಹೋಯಿತು. ಎರಡನೆಯದಕ್ಕೆ ಬಾಯಲ್ಲಿದ್ದ ವೀಳ್ಯ ಹೋಯಿತು. ಮೂರನೆಯದಕ್ಕೆ, ಬೆನ್ನುಮೂಳೆಯಲ್ಲಿ ಎಷ್ಟು ತುಂಡುಗಳಿವೆ ಎಂಬುದರ ಲೆಕ್ಕ ಶಾಲೆಯಲ್ಲಿ ಕಲಿಯದಿದ್ದ ನನಗೂ ಸಿಕ್ಕಿತು. ಮುಂದೆ ಲಾರೆನ್ಸ್ ಮಾತ್ರ ನನ್ನ ಸೀಟಿನಲ್ಲಿ ಮೆಲ್ಲಗೆ ಬಗ್ಗುತ್ತಾ ಏಳುತ್ತಾ ಆರಾಮವಾಗಿದ್ದರು. ಹಲ್ಲು ಕಚ್ಚಿ ಹಿಡಿದು ಕಲ್ಲಡ್ಕದವರೆಗೆ ತಾಳಿದೆ. ಅಲ್ಲಿ ಅವರ ಭುಜ ತಟ್ಟಿ ಹೇಳಿದೆ, "ಲಾರೆನ್ಸರೇ, ಇಲ್ಲೇ ನಿಲ್ಲಿಸಿ. ನನಗಿಲ್ಲಿ ಸ್ವಲ್ಪ ಕೆಲಸ ಉಂಟು." ಹೇಳಿ ಮುಗಿಸಿದ ಮೇಲೆ ವೇಣೂರಿನ ಪಟೇಲರು ನೆನಪಾದರು. ಕಲ್ಲಡ್ಕದಲ್ಲಿ ನನಗೆ ಯಾವ ಕೆಲಸವೂ ಇರಲಿಲ್ಲ.

ಲಾರೆನ್ಸ್ ನಕ್ಕರು. "ನಿಮಗೆ ಗೊತ್ತಿಲ್ವಾ? ಈ ಗಾಡಿಗೆ ಮುಂದಿನ ಚಕ್ರಕ್ಕೆ ಮಾತ್ರ ಸ್ಪ್ರಿಂಗ್. ಹಿಂದಿನ ಚಕ್ರ ಚಾಸಿಗೇ, ಗಾಡಿಯ ಚೌಕಟ್ಟಿಗೇ ಬೋಲ್ಟು. ನಿಮ್ಮ ಸೀಟಿನಡಿಗೆ ಎರಡು ಸ್ಪ್ರಿಂಗ್ ಉಂಟು, ನೀವು ಬಚಾವ್. ಹಿಂದೆ ಕೂತವರಿಗೆ ಎಂತ ಉಂಟು? ಚಕ್ರ ಹೊಂಡಕ್ಕೆ ಬಿದ್ರೆ ಅವರೂ ಬಿದ್ದ ಹಾಗೆ."

ಕಲ್ಲಡ್ಕದಿಂದ ಬಸ್ಸಿನಲ್ಲಿ ಮನೆಗೆ ಬಂದೆ. ಜಲಜಾಕ್ಷಿ ಹಿತ್ತಿಲಲ್ಲಿ ಬಸಳೆ ಕೊಯ್ಯುತ್ತಿದ್ದಳು. ಮನೆಯಲ್ಲಿ ನಾವು ಮಾತಾಡುವುದು ತುಳು, ಇಲ್ಲಿ ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. "ಇಷ್ಟು ಕಷ್ಟ ಆಗ್ತದೆ ಅಂತ ನನಗೆ ಯಾಕೆ ಹೇಳಲಿಲ್ಲ?" ಎಂದು ಕೇಳಿದೆ. ಅವಳು ಬಸಳೆಯ ಬಳ್ಳಿಯನ್ನು ಬಿಡದೆ ಹೇಳಿದಳು, "ನೀವು ಇಳಿಸಿದ ಕೂಡಲೆ ಸುಖವಾಯಿತಲ್ಲ ಅಂತ ಕೇಳ್ತೀರಿ. ಹೇಗಾಯಿತು ಅಂತ ಒಂದು ಸಲ ಕೇಳಿದ್ದರೆ ಹೇಳ್ತಿದ್ದೆ. ಅಮ್ಮನನ್ನು ನೋಡಲಿಕ್ಕೆ ಅಂತಲೇ ನೀವು ಆ ಗಾಡಿ ತಂದದ್ದು. ಅದು ಬೇಡ ಅಂದರೆ ನಿಮಗೆ ಬೇಸರ ಆಗ್ತದಲ್ಲ, ಹಾಗೆ ಅಮ್ಮನೇ ಬೇಡ ಅಂತ ಮಾಡಿದೆ." ಆ ದಿನ ನಾನು ಯಾವ ವಸ್ತುವನ್ನೂ ಹೊಗಳಲಿಲ್ಲ.

ಮರುದಿನ ಲಾರೆನ್ಸರ ಹತ್ತಿರ ಪರಿಹಾರ ಕೇಳಿದೆ. ಹೊಸ ಗಾಡಿಗಳಿಗೆ ಹಿಂದೆ ಎರಡು ಬದಿಗೂ ಶಾಕ್ ಅಬ್ಸಾರ್ಬರ್ ಬರುತ್ತದೆ, ಸ್ಪ್ರಿಂಗಿನೊಳಗೆ ಎಣ್ಣೆಯ ಕೊಳವೆ ಇರುತ್ತದೆ, ಅದನ್ನು ಇದಕ್ಕೆ ಹಾಕಬೇಕಾದರೆ ಗಾಡಿಯನ್ನೇ ಬದಲಿಸಬೇಕು ಎಂದರು. ಹಾಗಾದರೆ ಹಳೆಯ ಬಸ್ಸಿನ ಸೀಟಿನ ಸ್ಪ್ರಿಂಗನ್ನು ದಿಂಬಿನಡಿಗೆ ಇಡಿ ಎಂದೆ. "ಅದು ಎತ್ತಿ ಬಿಸಾಡ್ತದೆ ಮಾರಾಯ್ರೆ, ಹಿಡಿದು ನಿಲ್ಲಿಸುವುದಿಲ್ಲ" ಎಂದರು. ಹಗ್ಗ ಹಿಡಿದು ನೆಡಬೇಕೆಂದು ಊರಿಗೆಲ್ಲ ಬುದ್ಧಿ ಹೇಳುವವನು ಒಬ್ಬ ಮೆಕ್ಯಾನಿಕ್ಕಿನ ಮಾತು ಕೇಳಿಯಾನೇ? ಹಟ ಹಿಡಿದು ಹಾಕಿಸಿ, ಲಾರೆನ್ಸರಿಗೆ ಗಾಡಿ ಬಿಡಲು ಹೇಳಿ ನಾನೇ ಹಿಂದೆ ಕುಳಿತೆ. ಮೊದಲ ತಿರುವಿನ ಹೊಂಡದಲ್ಲಿ ಗಾಡಿ ಮುಂದೆ ಹೋಯಿತು, ನಾನು ರಸ್ತೆ ಬದಿಯ ಗದ್ದೆಯಲ್ಲಿದ್ದೆ. ಅಲ್ಲಿ ನೇಜಿ ನೆಡುತ್ತಿದ್ದ ಹೆಂಗಸರು ನನ್ನ ಗುರುತು ಹಿಡಿದು, ಸಾಲು ತಪ್ಪಿತಲ್ಲ ಎಂದರು.

ಕೊನೆಗೆ ಲಾರೆನ್ಸ್ ಒಂದು ದಾರಿ ಹೇಳಿದರು. ಗಾಡಿಯಲ್ಲಿ ಇರುವುದು ಒಂದೇ ಒಳ್ಳೆಯ ಸೀಟು. ಅದನ್ನು ಹಿಂದಕ್ಕೆ ಹಾಕುವ, ದಿಂಬನ್ನು ಮುಂದಕ್ಕೆ ತರುವ ಎಂದು. ಆ ಸೀಟಿನ ಮೇಲೆ ನನಗಿದ್ದ ಪ್ರೀತಿ ಎಷ್ಟೆಂದು ಆಗ ತಿಳಿಯಿತು. ಆಮೇಲೆ ಕಿಸೆಯಲ್ಲಿದ್ದ ಮಾವನ ಕಾಗದ ನೆನಪಾಗಿ ಆಗಲಿ ಎಂದೆ. ಲಾರೆನ್ಸ್ ಕಬ್ಬಿಣದ ಪಟ್ಟಿ ಬೆಸೆದು, ಸ್ಪ್ರಿಂಗುಗಳ ಸಮೇತ ನನ್ನ ಸೀಟನ್ನು ಹಿಂದೆ ಏರಿಸಿ, ಅಡ್ಡ ಕುಳಿತುಕೊಳ್ಳಲು ಹೊಂದುವಂತೆ ಒಂದು ಕಡೆಗೆ ತಿರುಗಿಸಿ, ಕಾಲಿಡಲು ಹಲಗೆಯನ್ನೂ ಕೊಟ್ಟರು. ಚೌಕದ ದಿಂಬು ನನ್ನ ಪಾಲಿಗೆ ಬಂತು.

ಆದಿತ್ಯವಾರ ಹೊರಟೆವು. ಸಿದ್ಧಕಟ್ಟೆಯವರೆಗೆ ಅವಳು ನಂಬದವಳಂತೆ ಗಟ್ಟಿಯಾಗಿ ಹಿಡಿದು ಕುಳಿತಿದ್ದಳು. ಅಲ್ಲಿಂದ ಮುಂದೆ ಮಾತಾಡತೊಡಗಿದಳು. ಮದುವೆಯಾದಂದಿನಿಂದ ಅಷ್ಟು ಮಾತನ್ನು ನಾನು ಒಟ್ಟಿಗೆ ಕೇಳಿದವನಲ್ಲ. ಹೊಸತರಲ್ಲಿ ಒಮ್ಮೆ ಮೂಡಬಿದಿರೆ ಪೇಟೆಯಲ್ಲಿ ಬಳೆ ಕೊಳ್ಳಲು ನಿಲ್ಲಿಸಿ ಎಂದು ಮೂರು ಸಲ ಕೂಗಿದ್ದಳಂತೆ, ನಾನು ನಿಲ್ಲಿಸಿದ್ದು ಬೆಳುವಾಯಿಯಲ್ಲಂತೆ. ನೆಂಟರು ಬಂದಾಗ ನೇಜಿಯ ಭಾಷಣ ಮಾಡಿ ಅವರ ಕಾಫಿ ತಣಿಸುತ್ತೇನಂತೆ. ಅವಳು ಮಾಡಿದ ಅಡುಗೆಯನ್ನು ನನ್ನ ಅಮ್ಮನ ಅಡುಗೆಗೆ ಹೋಲಿಸುವುದನ್ನು ಬಿಡಬೇಕಂತೆ. ತನ್ನ ಅಮ್ಮನನ್ನು ಕಾಣದೆ ಎರಡು ತಿಂಗಳು ಎಷ್ಟು ಸಲ ಅತ್ತಳೆಂಬುದನ್ನೂ ಹೇಳಿದಳು. ಎಲ್ಲಕ್ಕೂ ನನ್ನ ಹತ್ತಿರ ಉತ್ತರ ಇತ್ತು. ಆದರೆ ಆ ದಿಂಬಿನ ಮೇಲೆ ಕುಳಿತವನು ಬಾಯಿ ತೆರೆಯುವಂತಿರಲಿಲ್ಲ.

ಬೆಳುವಾಯಿಯಲ್ಲಿ ಅತ್ತೆ ಓಡಿ ಬಂದು ಮಗಳ ಕೈ ಹಿಡಿದುಕೊಂಡರು. ಇಬ್ಬರೂ ಒಳಗೆ ಹೋದವರು ಊಟದವರೆಗೆ ಹೊರಗೆ ಬರಲಿಲ್ಲ. ಮಾವ ಚಾವಡಿಯಲ್ಲಿ ಕುರ್ಚಿ ತೋರಿಸಿ ಕುಳಿತುಕೊಳ್ಳಿ ಎಂದರು. ನಾನು ಕಂಬಕ್ಕೆ ಒರಗಿ ನಿಂತೇ ಇದ್ದೆ. ಎರಡನೆಯ ಸಲ ಹೇಳಿದರು, ಆಗಲೂ ಕುಳಿತುಕೊಳ್ಳಲಿಲ್ಲ. ಅವರ ಮುಖ ಅರಳಿತು. ಅಲ್ಲಿದ್ದ ನೆರೆಮನೆಯವರ ಕಡೆಗೆ ತಿರುಗಿ, "ನೋಡಿ, ಮಾವನ ಎದುರು ಕೂತುಕೊಳ್ಳುವುದಿಲ್ಲ. ಈ ಕಾಲದಲ್ಲಿ ಇಷ್ಟು ಮರ್ಯಾದೆ ಯಾರಲ್ಲಿ ಉಂಟು?" ಎಂದರು.

ಸಂಜೆ ಹೊರಡುವಾಗ ಜಲಜಾಕ್ಷಿ ನನಗಿಂತ ಮೊದಲೇ ಹೋಗಿ ಗಾಡಿಯ ಹತ್ತಿರ ನಿಂತಿದ್ದಳು. ಮುಖದಲ್ಲಿ ಮದುವೆಯ ದಿನದ ಕಳೆ ಇತ್ತು. ಮೂಡಬಿದಿರೆಯಲ್ಲಿ ಕೇಳದೆಯೇ ನಿಲ್ಲಿಸಿ ಬಳೆ ಕೊಡಿಸಿದೆ. ಪೇಟೆ ದಾಟಿದ ಮೇಲೆ ಅವಳು ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದಳು, "ಇನ್ನು ಹದಿನೈದು ದಿನಕ್ಕೊಮ್ಮೆ ಬೇಡ, ಪ್ರತಿ ಆದಿತ್ಯವಾರ ಬರುವ. ನನಗೆ ನಿಮ್ಮ ಹತ್ತಿರ ಹೇಳಲಿಕ್ಕೆ ಇನ್ನೂ ತುಂಬ ಉಂಟು." ಸ್ವಲ್ಪ ಯೋಚಿಸಿ ಹೇಳುತ್ತೇನೆ ಎನ್ನಲು ನಾನು ಬಾಯಿ ತೆರೆದೆ. ಅದೇ ಹೊತ್ತಿಗೆ ಹಿಂದಿನ ಚಕ್ರ ಹೊಂಡಕ್ಕೆ ಇಳಿದು ನಾಲಗೆ ಕಚ್ಚಿಕೊಂಡೆ. ಮನೆ ಮುಟ್ಟುವವರೆಗೆ ಮಾತು ಹೊರಡಲಿಲ್ಲ. ನಾನು ಸುಮ್ಮನಿದ್ದುದನ್ನು ಅವಳು ಸಂತೋಷವೆಂದು ತಿಳಿದುಕೊಂಡಳು.