ಮಂಗ ಓಡಿಸುವ ಕರಾರು

ಗೌರಕ್ಕ ಬೆಳಿಗ್ಗೆ ಎದ್ದವಳೇ ಗಂಡನಿಗೆ ಹೇಳಿದ್ದು ಒಂದೇ ಮಾತು: "ಆ ಮೂರು ಬಾಳಿಗೊನಿ ಕೊಯ್ದು ತಂದು ಒಳಗ ಇಟ್ಟುಬಿಡ್ರಿ. ನಾಳೆ ನಿಶ್ಚಯದಾಗ ಮಗಳ ಉಡಿ ತುಂಬಾಕ ಹಣ್ಣು ಬೇಕು."

ಶಿವಪುತ್ರಪ್ಪ ಅಷ್ಟು ಮಾಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ನಿಶ್ಚಯಕ್ಕೆ ಬರುವ ಹಾವೇರಿಯ ಬೀಗರು ಹಣ್ಣಾಗುತ್ತಿರುವ ಗೊನೆ ಗಿಡದಲ್ಲೇ ತೂಗುವುದನ್ನು ನೋಡಬೇಕು, ನೋಡಿ ಬೆರಗಾಗಬೇಕು ಎಂಬುದು ಅವನ ಆಸೆ.

"ಒಳಗಿಟ್ಟ ಹಣ್ಣು ಸಂತ್ಯಾಗೂ ಸಿಗತೈತಿ. ಗಿಡದಾಗಿದ್ರ ಮರ್ಯಾದಿ," ಎಂದ.

"ಮಂಗ್ಯಾಗ ನಿಮ್ಮ ಮರ್ಯಾದಿ ಗೊತ್ತೈತೇನು?" ಎಂದಳು ಗೌರಕ್ಕ.

ಮಂಗಗಳ ಹಿಂಡು ಆಗಲೇ ಪಕ್ಕದ ಶಂಕ್ರಪ್ಪನ ತೋಟದಲ್ಲಿ ಕೂತಿತ್ತು. ಅವನು ಡಬ್ಬಿ ಬಡಿದರೆ ಅವು ಇವನ ತೋಟಕ್ಕೆ, ಇವನು ಬಡಿದರೆ ಅವನ ತೋಟಕ್ಕೆ. ಇದೇ ಕಾರಣಕ್ಕೆ ಇಬ್ಬರೂ ಮಾತು ಬಿಟ್ಟು ಮೂರು ವರ್ಷವಾಗಿತ್ತು. ಹಣಮಪ್ಪನ ಬಳಗವೆಂದು ಮಂಗಕ್ಕೆ ಯಾರೂ ಒಂದು ಕಲ್ಲನ್ನೂ ತಾಗಿಸುವವರಲ್ಲ.

ಚಿಂತೆ ಹೊತ್ತು ಶಿವಪುತ್ರಪ್ಪ ಚಹಾದಂಗಡಿಗೆ ಬಂದ. ಅಲ್ಲಿ ಶಾಲೆಯ ಮಧುಕೇಶ್ವರ ಮಾಸ್ತರರು ನಿನ್ನೆಯ ಪೇಪರು ಓದುತ್ತಿದ್ದರು. ಅದು ಅರವತ್ತೆಂಟನೆಯ ಇಸವಿ. ಬನವಾಸಿಯಿಂದಾಚೆ ಕಾಲಿಡದ ಮಾಸ್ತರರಿಗೆ ರಷ್ಯಾ ಎಂದರೆ ತವರುಮನೆ.

"ಎಣ್ಣಿ ಬಾವಿ ತೋಡಾಕ ರಷ್ಯಾ, ಉಕ್ಕಿನ ಕಾರ್ಖಾನಿಗೆ ರಷ್ಯಾ, ಮಿಗ್ ವಿಮಾನಕ್ಕ ರಷ್ಯಾ. ದೋಸ್ತಿ ಅಂದ್ರ ಇದು," ಎಂದರು. "ನಮ್ಮ ಕೈಲಿ ಆಗದ್ದಕ್ಕ ಬಲಾಢ್ಯನ ಜೋಡಿ ಕರಾರು ಮಾಡ್ಕೋಬೇಕು, ಶಿವಪುತ್ರಪ್ಪ. ವೈರಿ ತಾನಾ ಹಿಂದ ಸರೀತಾನ."

ಊರಿನ ಬಲಾಢ್ಯನೆಂದರೆ ವೀರಪ್ಪ. ಲೈಸನ್ಸಿನ ಕೋವಿ ಇದ್ದದ್ದು ಅವನೊಬ್ಬನ ಮನೆಯಲ್ಲಿ. ಶಿವಪುತ್ರಪ್ಪ ಮಾಸ್ತರರನ್ನೇ ಕರೆದುಕೊಂಡು ಅಲ್ಲಿಗೆ ಹೋದ.

"ಗುಂಡು ಹಾಕಂಗಿಲ್ಲ, ಬರೇ ಮದ್ದು. ಆಕಾಶಕ್ಕ ಹಾರಸ್ತೀನಿ," ಎಂದ ವೀರಪ್ಪ. "ನಮ್ದು ತಲಿಮಾರಿನ ದೋಸ್ತಿ. ರೊಕ್ಕ ಮುಟ್ಟಂಗಿಲ್ಲ ನಾ. ಒಂದು ಡಬ್ಬಿ ಚಿಮಣಿ ಎಣ್ಣಿ ಕೊಡ್ರಿ, ಸಾಕು."

ಅಂಗಡಿಯಲ್ಲಿ ಸೀಮೆಎಣ್ಣೆ ಸಿಗದ ದಿನಗಳು. ಬೀಗರೆದುರು ಗ್ಯಾಸಬತ್ತಿ ಹಚ್ಚಲೆಂದು ಗೌರಕ್ಕ ಎರಡು ತಿಂಗಳು ಕೂಡಿಸಿಟ್ಟ ಡಬ್ಬಿ ಹಿತ್ತಲ ಬಾಗಿಲಿನಿಂದ ಹೊರಟಿತು. ಮಾಸ್ತರರು "ಉಭಯತ್ರರ ಸ್ನೇಹವು ಚಂದ್ರಸೂರ್ಯರಿರುವವರೆಗೆ" ಎಂದು ಶುರುಮಾಡಿ ಏಳು ಕಲಮಿನ ಕರಾರು ಬರೆದರು. ಎರಡೂ ಕಡೆಯ ಸಹಿಯಾಯಿತು.

ಅಷ್ಟರಲ್ಲಿ ಶಿವಪುತ್ರಪ್ಪನ ತೋಟಕ್ಕೆ ಬಂದಿದ್ದ ಹಿಂಡು ವೀರಪ್ಪನ ಮೊದಲ ಈಡಿಗೇ ಬೇಲಿ ಹಾರಿ ಶಂಕ್ರಪ್ಪನ ತೋಟಕ್ಕೆ ಬಿತ್ತು. ಶಿವಪುತ್ರಪ್ಪ ಮೀಸೆ ತಿರುವಿದ. ಬೇಲಿಯವರೆಗೂ ಹೋಗಿ, ಶಂಕ್ರಪ್ಪನಿಗೆ ಕೇಳಲೆಂದೇ ಎರಡು ಸಲ ಕೆಮ್ಮಿ ಬಂದ.

ಊಟಕ್ಕೆ ಕೂತು ಎರಡನೆಯ ತುತ್ತು ಎತ್ತುವಾಗ ಢಂ ಎಂದಿತು. "ಏನು ನಿಷ್ಠಾ ನೋಡು ವೀರಪ್ಪಂದು," ಎಂದು ಹೆಂಡತಿಗೆ ಹೇಳಿ ಕೈತೊಳೆದು ತೋಟಕ್ಕೆ ಬಂದರೆ, ಇಡೀ ಹಿಂಡು ಅವನ ಬಾಳೆಯ ಮೇಲಿತ್ತು. ಒಂದು ಗೊನೆ ಆಗಲೇ ಅರ್ಧ. ಕೂಗಿ ಕರೆದ ಸ್ವಲ್ಪ ಹೊತ್ತಿಗೆ ವೀರಪ್ಪ ಏದುಸಿರು ಬಿಡುತ್ತ ಬಂದು ಹಾರಿಸಿದ. ಮಂಗಗಳು ಹೋದವು. ಚಹಾ ಕುಡಿಯುವಷ್ಟರಲ್ಲಿ ಇನ್ನೊಂದು ಢಂ, ಮಂಗಗಳು ಬಂದವು. ಈ ಸಲದ ಸದ್ದು ಬೇಲಿಯಾಚೆಯದು ಎಂದು ಅವನಿಗೆ ಖಾತ್ರಿಯಾಯಿತು. ಊರಿಗೆಲ್ಲ ಇರುವುದು ಒಂದೇ ಕೋವಿ.

ಬೇಲಿಯ ಕಿಂಡಿಯಲ್ಲಿ ಇಣುಕಿದ. ಅಲ್ಲಿ ವೀರಪ್ಪ ಬೆವರು ಒರೆಸಿಕೊಳ್ಳುತ್ತ ಕೋವಿಗೆ ಮದ್ದು ಜಡಿಯುತ್ತಿದ್ದ. ಪಕ್ಕದಲ್ಲಿ ಶಂಕ್ರಪ್ಪ ಅವನಿಗೆ ಮಜ್ಜಿಗೆ ಹಿಡಿದು ನಿಂತಿದ್ದ.

"ಏನ್ ವೀರಪ್ಪಣ್ಣಾ ಇದು?" ಶಿವಪುತ್ರಪ್ಪ ಕಿಂಡಿಯಿಂದಲೇ ಕೂಗಿದ.

"ಶಂಕ್ರಪ್ಪನ ಜೋಡೀನೂ ನಂದು ತಲಿಮಾರಿನ ದೋಸ್ತಿ," ಎಂದ ವೀರಪ್ಪ ಶಾಂತವಾಗಿ. "ಎರಡು ಗೊನಿ ಕೊಟ್ಟಾನ. ಮಂಗ ಓಡಸ್ತೀನಂತ ಕರಾರಿನಾಗೈತಿ. ಎಲ್ಲಿಗೆ ಓಡಸ್ತೀನಂತ ಎಲ್ಲಿ ಬರದೈತಿ, ತೋರಸ್ರಿ."

ಶಿವಪುತ್ರಪ್ಪ ಕಿಸೆಯ ಕಾಗದ ಬಿಡಿಸಿ ಏಳೂ ಕಲಮು ಓದಿ ಮುಗಿಸುವಷ್ಟರಲ್ಲಿ ಬೆನ್ನ ಹಿಂದೆ ಮೂರೂ ಗೊನೆ ಮುಗಿದಿದ್ದವು.

ಸಂಜೆ ಗೌರಕ್ಕ ಬೈಯಲಿಲ್ಲ. ಗಂಡನ ಒಂದು ಕೈಗೆ ಬುಟ್ಟಿ, ಇನ್ನೊಂದು ಕೈಗೆ ಖಾಲಿ ಡಬ್ಬಿ ಕೊಟ್ಟಳು. "ಹಣ್ಣಿಲ್ಲ, ಬೆಳಕಿಲ್ಲ. ಬೀಗರಿಗೆ ನಿಮ್ಮ ಕರಾರು ಓದಿ ಹೇಳ್ತೀರೇನು?" ಎಂದಳು. ಅವನಿಗೆ ನಿಜಕ್ಕೂ ಅಳು ಬಂತು. ಮಗಳ ಮುಖ ನೋಡಲಾಗದೆ ಹೊರಟ.

ಹಣ್ಣು, ಎಣ್ಣೆ ಎರಡೂ ಇದ್ದದ್ದು ಊರಲ್ಲಿ ಒಂದೇ ಮನೆಯಲ್ಲಿ.

"ನಿಮ್ಮ ಮಗಳು ನನ್ನ ಮಗಳಿದ್ದಂಗ," ಎಂದ ವೀರಪ್ಪ. ಒಂದು ಗೊನೆಯನ್ನೂ ಅರ್ಧ ಡಬ್ಬಿ ಎಣ್ಣೆಯನ್ನೂ ತಾನೇ ತಂದಿಟ್ಟ. "ಕರಾರು ಐದು ವರ್ಷ ಮುಂದುವರಸೋಣು. ವರ್ಷಾ ಹತ್ತು ಗೊನಿ ಕೊಡ್ರಿ, ಸಾಕು."

ಕಾಗದ ಬರೆಯಲು ಮಾಸ್ತರರು ಆಗಲೇ ಬಂದು ಕೂತಿದ್ದರು. ಶಿವಪುತ್ರಪ್ಪ ಅವರನ್ನೇ ಕೇಳಿದ: "ಮಾಸ್ತರ್ರ, ನಿಮ್ಮ ರಷ್ಯಾದವ್ರೂ ಹಿಂಗ ವೈರಿಗೂ ಕೋವಿ ಕೊಡ್ತಾರೇನ್ರಿ?"

ಸಂಜೆ ಬಸ್ಸಿಗೆ ಹುಬ್ಬಳ್ಳಿಯ ಪೇಪರು ಬಂದಿತ್ತು. ರಷ್ಯಾ ಪಾಕಿಸ್ತಾನಕ್ಕೂ ಶಸ್ತ್ರ ಕೊಡಲು ಒಪ್ಪಿದೆ ಎಂದು ಅದರಲ್ಲಿ ದಪ್ಪಕ್ಷರದಲ್ಲಿತ್ತು. ಮಾಸ್ತರರು ಅದನ್ನು ಮಡಚಿ ಅದರ ಮೇಲೇ ಕೂತಿದ್ದರು.

"ಅದನ್ನ ನಾಳೆ ಓದೋಣು," ಎಂದರು. "ನೀವು ಸಹಿ ಮಾಡ್ರಿ."

ಸಹಿ ಮಾಡಿ, ಬುಟ್ಟಿಯಲ್ಲಿ ಗೊನೆ ಹೊತ್ತು, ತನ್ನದೇ ಎಣ್ಣೆಯ ಅರ್ಧ ಡಬ್ಬಿ ಹಿಡಿದು ಶಿವಪುತ್ರಪ್ಪ ಹೊರಗೆ ಬಂದ. ವೀರಪ್ಪನ ಮನೆಯ ಕಟ್ಟೆಯ ಮೇಲೆ ಶಂಕ್ರಪ್ಪ ಗೊನೆ ಕೊಟ್ಟು ಖಾಲಿಯಾದ ಬುಟ್ಟಿ ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಮೂರು ವರ್ಷದ ಮೇಲೆ ಮೊದಲ ಸಲ ಅವನು ಬಾಯಿ ಬಿಟ್ಟ.

"ನಿಂದೆಷ್ಟು ವರ್ಷ?"

"ಐದು."

ಶಂಕ್ರಪ್ಪ ನಿಟ್ಟುಸಿರು ಬಿಟ್ಟು ಪಕ್ಕಕ್ಕೆ ಸರಿದು ಜಾಗ ಕೊಟ್ಟ. "ನಂದು ಹತ್ತು," ಎಂದ.