ಊರು ತೋರಿಸಬೇಡ ಎಂದ ಚಿಗವ್ವ

ಮನೆಗೆ ಬರುವ ನೆಂಟರಲ್ಲಿ ಸಮುದ್ರ ತೋರಿಸಿ, ದೊಡ್ಡ ಮಾಲ್ ತೋರಿಸಿ, ಯಾವುದಾದರೂ ಸಿನಿಮಾ ನಟನ ಮನೆಯ ಗೇಟನ್ನಾದರೂ ತೋರಿಸಿ ಎನ್ನುವವರ ಬಗ್ಗೆ ನನಗೆ ಭಯವಿಲ್ಲ. ಒಂದಷ್ಟು ದಿನ ಸುತ್ತುತ್ತಾರೆ, ಕಾಲುನೋವೆಂದು ಒಂದು ದಿನ ಮಲಗುತ್ತಾರೆ, ಮೊಬೈಲಿನ ತುಂಬ ಫೋಟೊ ತುಂಬಿಕೊಂಡು ಊರಿಗೆ ಹೋಗುತ್ತಾರೆ. "ನನಗೇನೂ ತೋರಿಸಬೇಡಿ, ನೀವು ಹೇಗಿರುತ್ತೀರೋ ಹಾಗೇ ನಾನೂ ಇರುತ್ತೇನೆ" ಎನ್ನುವ ನೆಂಟರೇ ಅಪಾಯ. ಏಕೆಂದರೆ ನಾವು ಹೇಗಿರುತ್ತೇವೆ ಎಂಬುದು ನೋಡುವಂಥದ್ದೇ ಅಲ್ಲ. ಮಹಾನಗರದ ಅಂಚಿನ ಐರೋಲಿಯ ನಮ್ಮ ಮನೆಯೆಂದರೆ ಒಂದು ಕೋಣೆ, ಒಂದು ಹಾಲ್, ಒಬ್ಬರು ಒಳಗಿದ್ದರೆ ಇನ್ನೊಬ್ಬರು ಹೊರಗೇ ನಿಲ್ಲಬೇಕಾದ ಅಡುಗೆಮನೆ. ನೀರು ಬರುವ ಹೊತ್ತಿಗೆ ಏಳುವುದು, ಲೋಕಲ್ ರೈಲುಗಾಡಿ ಹಿಡಿಯುವುದು, ರಬಾಳೆಯ ಕಾರ್ಖಾನೆಯೊಂದರ ಆಫೀಸಿನಲ್ಲಿ ಕೂತು ಮಾಲು ಒಳಬಂದದ್ದು ಹೊರಹೋದದ್ದು ನೋಡುವುದು, ಸಂಜೆ ನಾನೂ ಒಂದು ಮಾಲಿನಂತೆ ಮನೆಗೆ ಬಂದು ಬೀಳುವುದು. ಇದನ್ನು ಅನುಭವಿಸಲು ಯಾರಾದರೂ ಹುಬ್ಬಳ್ಳಿಯಿಂದ ರೈಲು ಹತ್ತುತ್ತಾರೆಂದರೆ ಒಳಗೆ ಏನೋ ಇರಲೇಬೇಕು.

ಹಾಗೆ ಬಂದವಳು ನನ್ನ ಚಿಗವ್ವ, ಅಂದರೆ ಅವ್ವನ ತಂಗಿ ಶಾಂತವ್ವ. ಗಂಡ ಹೋಗಿ ಬಹಳ ವರ್ಷವಾಯಿತು, ಮಕ್ಕಳಿಲ್ಲ. ಹುಬ್ಬಳ್ಳಿಯ ಒಂದು ಬಾಡಿಗೆ ಮಳಿಗೆಯಲ್ಲಿ ಜೋಳದ ರೊಟ್ಟಿ ಬಡಿದು ಮಾರಿ, ಯಾರ ಹಂಗಿಗೂ ಬೀಳದೆ ಬದುಕಿದವಳು. ಕಲ್ಯಾಣ ಸ್ಟೇಷನ್ನಿನಲ್ಲಿ ಅವಳನ್ನು ಇಳಿಸಿಕೊಂಡು ಚೀಲ ಎತ್ತಿದರೆ ಭುಜ ಕಳಚಿ ಬೀಳುವಂತಾಯಿತು. ಮನೆಗೆ ಬಂದು ಬಿಚ್ಚಿದಾಗ ಸೀರೆಗಳ ನಡುವಿನಿಂದ ಒಂದು ಕಬ್ಬಿಣದ ಹಂಚು ಹೊರಬಂತು.

ನನ್ನ ಹೆಂಡತಿ ಶೋಭಾ ಉಡುಪಿಯ ಕಡೆಯವಳು. ಅಡುಗೆಮನೆಗೆ ಕರೆದು ಪಿಸುಗುಟ್ಟಿದಳು: "ಅಲ್ಲ ಮಾರಾಯ್ರೆ, ನಾಲ್ಕು ದಿನ ಇದ್ದು ಹೋಗ್ಲಿಕ್ಕೆ ಬಂದವ್ರು ಹಂಚು ತರ್ತಾರಾ?"

ನಾನು ನಕ್ಕು, "ಅವಳಿಗೆ ನಮ್ಮ ತವಾ ಒಗ್ಗೂದಿಲ್ಲ" ಎಂದೆ. ನಕ್ಕದ್ದು ಬಾಯಿ ಮಾತ್ರ.

ಮರುದಿನದಿಂದ ಅನುಮಾನಕ್ಕೆ ಹೊಟ್ಟೆತುಂಬ ಮೇವು ಸಿಕ್ಕಿತು. ಚಿಗವ್ವ ನನಗಿಂತ ಮೊದಲೇ ಎದ್ದು ನೀರು ಹಿಡಿದಿದ್ದಳು. ನಾನು ಆಫೀಸಿಗೆ ಹೊರಟರೆ ತಾನೂ ಹೊರಟಳು. "ಎಲ್ಲಿಗೆ ಚಿಗವ್ವಾ?" ಎಂದರೆ, "ನೀ ಹೋಗೂ ಗಾಡಿ ಹೆಂಗಿರತೈತಿ ನೋಡ್ತೀನಿ" ಎಂದಳು. ಆ ಹೊತ್ತಿನ ಹೆಂಗಸರ ಡಬ್ಬಿಗೆ ನುಗ್ಗುವುದನ್ನು ಶೋಭಾ ಇಂದಿಗೂ ಹೆದರಿ ತಪ್ಪಿಸುತ್ತಾಳೆ. ಚಿಗವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ನುಗ್ಗಿದವಳು ಸಂಜೆ ಬಂದು, "ಮೂರು ಮಂದಿ ಕುಂತಿದ್ರು. ಸರೀರಿ ಅಂದೆ, ಸರದ್ರು. ಬಾಯಿ ಇದ್ರ ಜಾಗಾ ಐತಿ ಇಲ್ಲಿ" ಎಂದು ವರದಿ ಒಪ್ಪಿಸಿದಳು.

ಆಮೇಲೆ ಪ್ರಶ್ನೆಗಳು ಶುರುವಾದವು. ಲೈಟ್ ಬಿಲ್ ಯಾರ ಹೆಸರಿಗೆ ಬರುತ್ತದೆ? ಸಿಲಿಂಡರ್ ಮುಗಿದರೆ ಎಷ್ಟು ದಿನಕ್ಕೆ ಸಿಗುತ್ತದೆ? ಮಳೆಗಾಲದಲ್ಲಿ ನೀರು ಎಲ್ಲಿತನಕ ಬರುತ್ತದೆ? ಒಳ್ಳೆಯ ಬಿಳಿಜೋಳ ಎಲ್ಲಿ ಸಿಗುತ್ತದೆ? ಕೊನೆಯದು ನನಗೆ ಗೊತ್ತಿಲ್ಲವೆಂದೆ. "ಇಷ್ಟು ವರ್ಷ ಇಲ್ಲಿ ಏನ್ ಮಾಡಿದಿಪಾ?" ಎಂದು ಬೇಸರಪಟ್ಟು, ತಾನೇ ತರಕಾರಿಯವಳನ್ನು ಹುಬ್ಬಳ್ಳಿಯ ಕನ್ನಡದಲ್ಲೇ ಕೇಳಿದಳು. ತರಕಾರಿಯವಳು ಮರಾಠಿಯಲ್ಲಿ ಉತ್ತರ ಕೊಟ್ಟಳು. ಇಬ್ಬರಿಗೂ ಎಲ್ಲವೂ ಅರ್ಥವಾಯಿತು. ನನಗೆ ಸಲ್ಯೂಟ್ ಹೊಡೆಯದ ನಮ್ಮ ವಾಚ್‌ಮನ್ ಅವಳನ್ನು ಕಂಡರೆ ಕುರ್ಚಿ ಬಿಟ್ಟು ಏಳತೊಡಗಿದ.

ನನಗೂ ಶೋಭಾಗೂ ಖಾತ್ರಿಯಾಯಿತು: ಚಿಗವ್ವ ಇಲ್ಲೇ ಉಳಿಯಲು ಬಂದಿದ್ದಾಳೆ. ನಾನು ಒಂದು ಮಾತು ತಯಾರಿಸಿಕೊಂಡೆ. 'ಚಿಗವ್ವಾ, ನಿನ್ನ ಇಟ್ಟುಕೊಳ್ಳೂದು ನನ್ನ ಪುಣ್ಯ, ಆದರ ಮನಿ ಸಣ್ಣದು.' ಗಾಡಿಯಲ್ಲಿ ಜೋತಾಡುತ್ತ ಇದನ್ನೇ ಅಭ್ಯಾಸ ಮಾಡಿದೆ. 'ಪುಣ್ಯ'ದ ಮೇಲೆ ಒತ್ತು ಕೊಡಬೇಕೋ 'ಸಣ್ಣದ'ರ ಮೇಲೋ ತೀರ್ಮಾನವಾಗಲಿಲ್ಲ. ಕಾಲೇಜಿಗೆ ಹೋಗುವ ಮಗಳು ಮನೆಯಲ್ಲೂ ನನ್ನ ತುಟಿ ಅಲ್ಲಾಡುವುದನ್ನು ನೋಡಿ, "ಪಪ್ಪಾ, ಆಪ್ ಬಹುತ್ ಸೋಚ್ತೇ ಹೋ" ಎಂದಳು, ನಾನು ಬಹಳ ಯೋಚಿಸುತ್ತೇನಂತೆ. ಅವಳಿಗೇನು, ಈ ಅಜ್ಜಿಯ ಪಕ್ಕ ಮಲಗಿ ಹಾಯಾಗಿ ನಿದ್ದೆ ಮಾಡುತ್ತಿದ್ದಳು.

ಒಂದು ಮಧ್ಯಾಹ್ನ ಶೋಭಾ ಆಫೀಸಿಗೆ ಫೋನ್ ಮಾಡಿದಳು. "ಚಿಕ್ಕಮ್ಮ ಒಬ್ಬರೇ ಕೋಪರಖೈರಣೆಗೆ ಹೋಗ್ತೇನೆ ಅಂತ ಹೊರಟ್ರು. ಫೋನಲ್ಲಿ ಯಾರತ್ರವೋ 'ಆಧಾರ್ ಕಾರ್ಡ್ ತರ್ತೀನಿ' ಅಂತಿದ್ರು. ಎಂತ ಕತೆಯೋ!" ಆಧಾರ್ ಕಾರ್ಡ್ ಕೇಳುವ ಅಪರಿಚಿತನೆಂದರೆ ಮೋಸಗಾರನೇ ಸರಿ. ಹೊಟ್ಟೆನೋವೆಂದು ಹೇಳಿ ಆಫೀಸಿನಿಂದ ಹೊರಬಿದ್ದು ಕೋಪರಖೈರಣೆಯಲ್ಲಿ ಇಳಿದೆ. ಎರಡು ಗಲ್ಲಿ ಹುಡುಕುವಷ್ಟರಲ್ಲಿ ಕಂಡಳು. ಅರ್ಧ ಎತ್ತಿದ ಒಂದು ಶಟರ್ ಎದುರು ಕಪ್ಪು ಕನ್ನಡಕದ ಒಬ್ಬಾತನ ಜೊತೆ ನಿಂತಿದ್ದಾಳೆ, ಕೈಯಲ್ಲಿ ಪೆನ್ನಿದೆ!

"ಚಿಗವ್ವಾ, ಸಹಿ ಮಾಡಬ್ಯಾಡಾ!" ಎಂದು ಕೂಗಿಕೊಂಡು ಓಡಿದೆ. ಗಲ್ಲಿಯ ಜನವೆಲ್ಲ ತಿರುಗಿ ನೋಡಿದರು.

ಕಪ್ಪು ಕನ್ನಡಕದವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹೇ ಕೋಣ್, ಮಾವಶಿ?" ಎಂದು ನಾನು ಯಾರೆಂಬುದನ್ನು ಚಿಗವ್ವನನ್ನು ಕೇಳಿದ. ಅವನು ಮನೆ-ಮಳಿಗೆ ಕೊಡಿಸುವ ಏಜೆಂಟ್.

"ನಮ್ಮ ಅಕ್ಕನ ಮಗಾ. ಮನಷ್ಯಾ ಚಲೋ ಅದಾನ, ಸ್ವಲ್ಪ ಸಂಶಯ ಜಾಸ್ತಿ" ಎಂದಳು ಚಿಗವ್ವ. ಏಜೆಂಟನಿಗೆ ಏನು ತಿಳಿಯಿತೋ, "ಸಾಬ್, ಆಪ್ ಕಾ ಭೀ ಆಧಾರ್ ದಿಖಾವೋ" ಎಂದ. ನಾನು ತೆಪ್ಪಗೆ ನನ್ನ ಆಧಾರ್ ಕಾರ್ಡನ್ನೂ ತೆಗೆದು ತೋರಿಸಿದೆ.

ಹುಬ್ಬಳ್ಳಿಯ ಅವಳ ಮಳಿಗೆ ರಸ್ತೆ ಅಗಲ ಮಾಡುವಾಗ ಹೋಗಿತ್ತಂತೆ. ಈ ಕಡೆ ಮಾರ್ಕೆಟಿನಲ್ಲಿ ದುಡಿಯುವ ನಮ್ಮ ಕಡೆಯ ಜನ ಬಹಳ, ಅವರಿಗೆ ರೊಟ್ಟಿ ಬೇಕು ಎಂದು ಯಾರೋ ಹೇಳಿದ್ದರಂತೆ. ಆ ಶಟರಿನ ಹಿಂದೆ ಕೆಳಗೆ ಅಂಗಡಿ, ಮೇಲೆ ಮಲಗಲೊಂದು ಅಟ್ಟ. ಬಂದ ಮೊದಲ ದಿನದಿಂದ ಅವಳು ಹುಡುಕುತ್ತಿದ್ದದ್ದು ಇದನ್ನೇ.

"ನನಗ ಹೇಳಬಾರದಿತ್ತೇನು?" ಎಂದೆ.

"ಹೇಳಿದ್ರ ನೀ 'ಇಲ್ಲೇ ಇರು ಚಿಗವ್ವಾ' ಅಂತಿದ್ದಿ, ಮನಸಿನ್ಯಾಗ ಬ್ಯಾಡಾ ಅಂತಿದ್ದಿ. ಇಬ್ಬರಿಗೂ ತ್ರಾಸ" ಎಂದಳು. "ಮತ್ತ ನಿನ್ನ ಮನಿ ನನಗ ಭಾಳ ಸಣ್ಣದಾಗತೈತಿ."

ಅಷ್ಟು ದಿನ ಕಂಠಪಾಠ ಮಾಡಿದ ನನ್ನ ಮಾತನ್ನು ಅವಳು ಒಂದು ಉಸಿರಿನಲ್ಲಿ ಆಡಿ ಮುಗಿಸಿದ್ದಳು. ನಾನು ನಿರಾಳವಾಗಬೇಕಿತ್ತು. ಅದರ ಬದಲು ಕೆನ್ನೆಗೆ ಹೊಡೆದಂತಾಯಿತು. ನಮ್ಮ ಮನೆ ಸಣ್ಣದೆನ್ನಲು ಇವಳು ಯಾರು? ಮನೆಗೆ ಬಂದು ಹೇಳಿದರೆ ಶೋಭಾ ನನಗಿಂತ ಕೆರಳಿದಳು. "ಒಂದು ಮೂಲೆ ಸಹ ಕೊಡ್ಲಿಲ್ಲ ಅಂತ ಜನ ಹೇಳುದಿಲ್ವಾ? ಚಿಕ್ಕಮ್ಮ, ನೀವು ಎಲ್ಲಿಗೂ ಹೋಗುದು ಬೇಡ" ಎಂದು ಅವಳ ಕೈ ಹಿಡಿದು ಕೂತಳು. ನಾನು ಹಾಲ್ ನಡುವೆ ಪರದೆ ಕಟ್ಟಿಸುವ ಯೋಜನೆ ಮುಂದಿಟ್ಟೆ. ಆಶ್ಚರ್ಯವೆಂದರೆ ಆ ಹೊತ್ತಿಗೆ ಅದರಲ್ಲಿ ಅರ್ಧದಷ್ಟು ನಿಜವೂ ಇತ್ತು, ಸಂಜೆ ಬಾಗಿಲು ತೆಗೆದು "ಬಂದೇನಪಾ?" ಎನ್ನುವವರೊಬ್ಬರು ನನಗೂ ರೂಢಿಯಾಗಿಬಿಟ್ಟಿದ್ದರು.

ಚಿಗವ್ವ ನಮ್ಮಿಬ್ಬರ ಮುಖವನ್ನೂ ಬದಲಿಸಿ ಬದಲಿಸಿ ನೋಡಿದಳು. "ಇಷ್ಟ್ಯಾಕ ಕಾಡಾಕತ್ತೀರಿ? ಏನರ ಕೆಲಸಾ ಇಟ್ಟೀರೇನು ನನಗ?" ಎಂದಳು. ನನ್ನಂತೆಯೇ ಸಂಶಯಪಡುವಷ್ಟು ಈ ಊರು ಅವಳಿಗೆ ಪೂರ್ತಿ ಒಗ್ಗಿಹೋಗಿತ್ತು.

ರವಿವಾರ ಸಾಮಾನು ಹೊತ್ತು ನಾನೇ ಬಿಟ್ಟುಬರಲು ಹೋದೆ. ಅಟ್ಟ ಗುಡಿಸಿದೆವು, ಒಲೆ ಹೊಂದಿಸಿದೆವು, ಅವಳು ಮೊದಲ ರೊಟ್ಟಿ ಬಡಿದು ನನ್ನ ಮುಂದಿಟ್ಟಳು. ತಿಂದು ಗೋಡೆಗೆ ಒರಗಿ ಸ್ವಲ್ಪ ಕಾಲು ಚಾಚಿದೆನಷ್ಟೆ. ಚಿಗವ್ವ ಬಹಳ ಅಕ್ಕರೆಯಿಂದ ಕೇಳಿದಳು: "ಐರೋಲಿ ಕಡೆ ಗಾಡಿ ಎಷ್ಟೊತ್ತಿಗೈತಿಪಾ ನಿಂದು?"

ಅವಳು ಕೇಳಿದ್ದು ನನಗೆ ತಡವಾಗಬಾರದೆಂದೋ, ನಾನು ಅಲ್ಲೇ ಉಳಿದುಬಿಟ್ಟೇನೆಂಬ ಭಯಕ್ಕೋ? ಗಾಡಿಯಲ್ಲಿ ಕೂತು ಬಹಳ ಯೋಚಿಸಿದೆ. ಐರೋಲಿ ದಾಟಿ ಠಾಣೆಯೇ ಬಂದುಬಿಟ್ಟಿತು.