ಆಯ್ತಪ್ಪನ ಹಳೇ ಕಾಲದ ಕೋಣೆ

ಮದುವೆಯಾದ ಹೊಸದರಲ್ಲಿ ಅವನು ಹೆಂಡತಿಗೆ ಒಂದು ಮಾತು ಕೊಟ್ಟಿದ್ದ: "ನಿನಗೇ ಅಂತ ಒಂದು ಕೋಣೆ ಮಾಡಿಕೊಡ್ತೀನಿ. ನೀನು ಹೇಗೆ ಕೇಳ್ತೀಯೋ ಹಾಗೆ." ಆಮೇಲೆ ಇಬ್ಬರು ಮಕ್ಕಳು ಹುಟ್ಟಿದರು, ಜ್ವರ ಬಂದು ಹೋಯಿತು, ಹಲ್ಲು ಬಿದ್ದು ಹುಟ್ಟಿತು, ಕೊನೆಗೆ ಇಬ್ಬರೂ ಹಾಸ್ಟೆಲ್ ಸೇರಿದರು. ಮಾತು ಮಾತ್ರ ಎಲ್ಲಿತ್ತೋ ಅಲ್ಲೇ ಕೂತಿತ್ತು.

ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಅವನಿಗೆ ಕೆಲಸ. ಬಂದವರು ಎಷ್ಟೇ ಕೂಗಾಡಲಿ, "ಆಯ್ತಪ್ಪ, ಆಯ್ತಪ್ಪ" ಎನ್ನುವುದೇ ಆ ಕೆಲಸದ ಮುಕ್ಕಾಲು ಪಾಲು. ಮನೆಗೆ ಬಂದ ಮೇಲೂ ಅದು ನಾಲಿಗೆಯಿಂದ ಇಳಿಯದ್ದರಿಂದ ಇಡೀ ವಠಾರ ಅವನನ್ನು ಆಯ್ತಪ್ಪ ಎಂದೇ ಕರೆಯುತ್ತಿತ್ತು.

ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. ಮೊನ್ನೆ ಡ್ಯೂಟಿ ಮುಗಿಸಿ ಬಂದು ಕಾಲು ಒತ್ತಿಕೊಳ್ಳುತ್ತಾ, "ನನಗೆ ಹಳೇ ಕಾಲದ ಥರದ್ದು ಒಂದು ಕೋಣೆ ಇದ್ದಿದ್ರೆ ಸಾಕಿತ್ತು ರೀ. ನಮ್ಮಜ್ಜಿ ಮನೇಲಿ ಇತ್ತಲ್ಲ, ಅದರಲ್ಲಿ..." ಎಂದು ಶುರು ಮಾಡಿದಳು.

"ಆಯ್ತು, ಆಯ್ತು," ಎಂದ ಅವನು. ದೂರನ್ನು ಪೂರ್ತಿ ಕೇಳುವ ಅಭ್ಯಾಸ ಅವನಿಗಿರಲಿಲ್ಲ.

ಮಾರನೆಯ ದಿನ ಕಚೇರಿಯಲ್ಲಿ ಹಳೇ ಕಾಲದ ಕೋಣೆಯ ವಿಷಯ ಕೇಳಿ ಪಕ್ಕದ ಮೇಜಿನವನು ಮೊಬೈಲಿನಲ್ಲಿ ಫೋಟೋ ತೋರಿಸಿದ. "ಇದಕ್ಕೆ ರೆಟ್ರೋ ಅಂತಾರೆ ಕಣಯ್ಯಾ. ಹಳೇ ರೇಡಿಯೋ, ಹಳೇ ಬೀರು, ಗೋಡೆ ಮೇಲೆ ದುಂಡು ದುಂಡು ಬಣ್ಣ. ಈಗ ಇದೇ ಫ್ಯಾಷನ್ನು."

ಆಯ್ತಪ್ಪ ಇವತ್ತು ರಜೆ ಹಾಕಿದ. ಹೆಂಡತಿ ಬಸ್ಸು ಹತ್ತಿದ್ದೇ ತಡ, ಮಕ್ಕಳ ಕೋಣೆಯಲ್ಲಿದ್ದ ಮುರುಕು ಮಂಚ, ಚಕ್ರವಿಲ್ಲದ ಸೈಕಲ್ಲು, ರಟ್ಟಿನ ಪೆಟ್ಟಿಗೆಗಳನ್ನೆಲ್ಲ ಗುಜರಿಯವನ ಗಾಡಿಗೆ ಹೇರಿದ. ಗುಡಿಸಿ ಒರೆಸಿದ. ಕಿಟಕಿಯಿಂದ ಬಿಸಿಲು ಬಂದು ನೆಲದ ಮೇಲೆ ಮೈಚಾಚಿತು. ಮೂಲೆಯಲ್ಲಿ ಸುತ್ತಿಟ್ಟ ಚಾಪೆಯೊಂದು ಉಳಿದಿತ್ತು. 'ಥೂ, ಏನಿದು, ತಲೆ ಬೋಳಿಸಿದ ಹಾಗಿದೆ' ಎನ್ನಿಸಿತು ಅವನಿಗೆ.

ಮಹಡಿ ಮನೆಯ ಅಜ್ಜಿ ಕಂಬಿಯ ಮೇಲಿಂದ ಬಗ್ಗಿದರು. "ಏನೋ ಆಯ್ತಪ್ಪ, ಮನೆ ಖಾಲಿ ಮಾಡ್ತಿದ್ದೀಯಾ?"

"ಇಲ್ಲಜ್ಜಿ, ಕೋಣೇನ ಹಳೇ ಕಾಲದ ಥರ ಮಾಡೋಣ ಅಂತ. ಹಳೇ ಸಾಮಾನು ಇದ್ರೆ..."

ಅಷ್ಟೇ. ಆ ಮಾತು ವಠಾರದ ಮನೆಮನೆಗೂ ಹರಿಯಿತು. ಅವನ ಕಚೇರಿಯ ನೀರು ಯಾವತ್ತೂ ಅಷ್ಟು ಬೇಗ ಯಾವ ಮನೆಯನ್ನೂ ತಲುಪಿದ್ದಿಲ್ಲ.

ಮೊದಲು ಬಂದದ್ದು ಅಜ್ಜಿಯ ಕನ್ನಡಿ ಬೀರು. ನಾಲ್ವರು ಹೊತ್ತು ತಂದರು, ಆನೆ ಇಳಿಸಿದ ಹಾಗೆ ಕಿಟಕಿಗೆ ಅಡ್ಡ ಇಳಿಸಿದರು.

"ಅಜ್ಜಿ, ಕಿಟಕಿ..."

"ಕಿಟಕಿ ಎಲ್ಲಿಗೂ ಓಡಿ ಹೋಗಲ್ಲ ಬಿಡೋ. ಹಿಂದೇನೇ ಇರತ್ತೆ. ನನ್ನ ಮಂಚಾನೂ ತಗೋ, ಟ್ರಂಕುಗಳೂ ಇವೆ. ಬದಲಿಗೆ ಆ ಚಾಪೆ ಕೊಡು, ನನಗೆ ಅದೇ ಸಾಕು."

"ಆಯ್ತಜ್ಜಿ."

ಟೈಲರ್ ಚಕ್ರ ಕಳಚಿದ ಹೊಲಿಗೆ ಯಂತ್ರ ತಂದ. ಕ್ಷೌರದಂಗಡಿಯಿಂದ ತಿರುಗುವ ಕುರ್ಚಿ ಬಂತು. ನಿವೃತ್ತ ಡ್ರಾಯಿಂಗ್ ಮಾಸ್ತರರು ಬ್ರಷ್ಷು ಹಿಡಿದೇ ಬಂದರು. "ಗೋಡೆ ನನಗೆ ಬಿಡಿ" ಎಂದವರೇ ಕಿತ್ತಳೆ ಬಣ್ಣದ ದೊಡ್ಡ ದೊಡ್ಡ ಬೊಟ್ಟುಗಳನ್ನು ಬರೆದರು. ಅವುಗಳಲ್ಲಿ ಒಂದು ಆಯ್ತಪ್ಪನ ಬೆನ್ನಿಗೂ ಇಳಿಯಿತು. ಎದುರುಮನೆಯ ಎಲೆಕ್ಟ್ರಿಷಿಯನ್ ಲೋಲಕದ ಗಡಿಯಾರ ತೂಗುಹಾಕಲು ಮೊಳೆ ಹೊಡೆದ. ಗೋಡೆಯ ಗಾರೆ ತಟ್ಟೆಯಗಲ ಉದುರಿತು.

"ಅಯ್ಯೋ!" ಎಂದ ಆಯ್ತಪ್ಪ.

"ಅಯ್ಯೋ ಯಾಕೆ ಸಾರ್? ಈಗ ನೋಡಿ, ಅಸಲಿ ಹಳೇತನ ಬಂತು."

ಕುರ್ಚಿಯನ್ನಾದರೂ ಪರೀಕ್ಷಿಸೋಣವೆಂದು ಆಯ್ತಪ್ಪ ಕೂತ. ಅದು ಒಂದು ಸುತ್ತು ತಿರುಗಿ, ಗಡ್ಡ ಹೆರೆಯಲು ಸಿದ್ಧವಾದ ಹಾಗೆ ಅವನನ್ನು ಅಂಗಾತ ಕೆಡವಿತು. ಎಬ್ಬಿಸಲು ಟೈಲರೂ ಮಾಸ್ತರರೂ ಸೇರಬೇಕಾಯಿತು.

ಸಂಜೆ ಹೆಂಡತಿ ಬಂದಾಗ ಬಾಗಿಲಲ್ಲಿ ಇಡೀ ವಠಾರ ನೆರೆದಿತ್ತು. "ಕಣ್ಣು ಮುಚ್ಕೊಳ್ಳಮ್ಮ," ಎಂದರು ಮಾಸ್ತರರು. ಇಡೀ ದಿನ ನಿಂತು ಬಾತ ಕಾಲುಗಳನ್ನು ಎಳೆಯುತ್ತಾ ಅವಳು ಒಳಗೆ ಬಂದಳು. ಟ್ರಂಕಿಗೆ ಮೊಣಕಾಲು ತಾಗಿತು. ಕಣ್ಣು ಬಿಟ್ಟಳು.

"ಇದೇನ್ರೀ ಇದು?"

"ಹಳೇ ಕಾಲದ ಕೋಣೆ! ನಿಮ್ಮಜ್ಜಿ ಮನೇಲಿ ಇದ್ದ ಹಾಗೆ. ಕೊಟ್ಟ ಮಾತು ಮರೆತಿಲ್ಲ ನೋಡು."

ಅವಳು ಬಯ್ಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

"ನಮ್ಮಜ್ಜಿ ಕೋಣೇಲಿ ಏನೂ ಇರಲಿಲ್ಲ ರೀ," ಎಂದಳು ಮೆಲ್ಲಗೆ. "ಒಂದು ಕಿಟಕಿ, ಒಂದು ಚಾಪೆ. ಅಷ್ಟೇ. ಡ್ಯೂಟಿಯಿಂದ ಬಂದು ಮೈ ಚಾಚೋಕೆ ಅಂತ ಕೇಳಿದ್ದೆ."

ಆಯ್ತಪ್ಪನಿಗೆ ಬೆಳಗಿನ ಬಿಸಿಲು ಕಣ್ಣಮುಂದೆ ಬಂತು. ನೆರೆಯವರ ಕಡೆ ತಿರುಗಿ, "ನೋಡಿ, ದಯವಿಟ್ಟು ನಿಮ್ಮ ನಿಮ್ಮ ಸಾಮಾನು..." ಎನ್ನುವಷ್ಟರಲ್ಲಿ ಅಂಗಳ ಬರಿದಾಗಿತ್ತು. ಒಂದರ ಹಿಂದೊಂದು ಬಾಗಿಲಿನ ಅಗುಳಿ ಬಿದ್ದ ಸದ್ದು ಕೇಳಿಸಿತು.

ಅಜ್ಜಿ ಮಾತ್ರ ಮೆಟ್ಟಿಲ ಮೇಲೆ ನಿಂತಿದ್ದರು. "ಕೊಟ್ಟಿದ್ದನ್ನ ನಾನಂತೂ ವಾಪಸ್ ತಗೊಳ್ಳಲ್ಲಪ್ಪ. ಆದ್ರೆ ನೀನು ಬಾ ಮಗಳೇ ಮೇಲೆ. ನನ್ನ ಕೋಣೆ ಇವತ್ತು ಖಾಲಿ ಆಗಿದೆ, ಗಾಳಿ ಹೇಗೆ ಆಡ್ತಿದೆ ಅಂತೀಯಾ! ನಿಮ್ಮ ಚಾಪೆನೂ ಅಲ್ಲೇ ಹಾಸಿದ್ದೀನಿ."

ಹೆಂಡತಿ ಗಂಡನನ್ನೊಮ್ಮೆ ನೋಡಿದಳು. ಅವನ ಬೆನ್ನಿನ ಕಿತ್ತಳೆ ಬೊಟ್ಟನ್ನೂ ನೋಡಿದಳು. ತುಟಿಯಂಚಿನಲ್ಲಿ ನಗು ಬಂತೋ ಏನೋ, ಕೈಯಲ್ಲಿ ಚಪ್ಪಲಿ ಹಿಡಿದು ಮೆಟ್ಟಿಲು ಹತ್ತಿದಳು.

ಸ್ವಲ್ಪ ಹೊತ್ತಿಗೆ ಮೇಲಿಂದ ಅವಳ ದನಿ ಕೇಳಿಸಿತು. "ಅಬ್ಬಾ ಅಜ್ಜಿ, ಇಂಥದ್ದೇ ಕೋಣೆ ಬೇಕಿತ್ತು ನನಗೆ. ದಿನಾ ಬರ್ಲಾ?"

"ದಿನಾ ಬಾರೇ. ಯಾರು ಬೇಡ ಅಂದ್ರು?"

ಆಯ್ತಪ್ಪ ಕುರ್ಚಿಯಲ್ಲಿ ಕೂತ. ಕುರ್ಚಿ ಅವನನ್ನು ಅಂಗಾತ ಮಲಗಿಸಿತು. ಈ ಸಲ ಎಬ್ಬಿಸಲು ಯಾರೂ ಇರಲಿಲ್ಲ.

ಹೆಂಡತಿಗೆ ಅವಳು ಕೇಳಿದ ಹಾಗಿನ ಕೋಣೆ ಸಿಕ್ಕಿತು. ಕೊಟ್ಟ ಮಾತು ಉಳಿಯಿತು.